ಅಕ್ಕ ಹೇಳಿದ ಸಿನಿಮಾದ ಕೊನೆ

ಜನ ಇವತ್ತಿಗೂ ತಲೆಯ ಮೇಲೆ ಹೊತ್ತು ಮೆರೆಸುವ ಆ ಹಳೆಯ ಸಿನಿಮಾವನ್ನು ನಾನು ಐವತ್ತು ದಾಟಿದ ಮೇಲೆ ಮೊದಲ ಸಲ ನೋಡಿದೆ. ಬಾಗಲಕೋಟೆಯ ಮನೆಯಲ್ಲಿ, ಫೋನಿನಲ್ಲಿ, ನಡುವೆ ಎರಡು ಸಲ ಚಹಾ ಮಾಡಿಕೊಂಡು. ಪರವಾಗಿಲ್ಲ, ಅಷ್ಟೇ. ನಾಯಕ ಮಾತಾಡುವುದಕ್ಕಿಂತ ಒದರುವುದೇ ಹೆಚ್ಚು. ಹೊಡೆಯುವ ಗಂಡನಿಗೆ ಅಷ್ಟು ಹೊತ್ತು ಎದುರು ನಿಂತ ನಾಯಕಿ ಕೊನೆಗೆ ಅವನ ಕಾಲಿಗೇ ಬೀಳುತ್ತಾಳೆ. ನಮ್ಮ ಕಡೆಯ ಗಂಡಸರು ಅದನ್ನು ಹತ್ತು ಹತ್ತು ಸಲ ಯಾಕೆ ನೋಡಿದರೆಂದು ಈಗ ಗೊತ್ತಾಯಿತು. ಇದನ್ನೇ ನನ್ನ ಪೇಜಿನಲ್ಲಿ ಬರೆದು ಹಾಕಿದೆ. ಅಭಿಮಾನಿಗಳು ಬೈದರು. ಬೈಗಳು ನನಗೇನು ಹೊಸವಲ್ಲ.

ಮರುದಿನ ಹುನಗುಂದದಿಂದ ಅಕ್ಕ ಫೋನ್ ಮಾಡಿದಳು.

“ಲೇ ತಮ್ಮಾ, ಆ ಪಿಚ್ಚರಿಂದು ಬರದೀಯಲ್ಲ, ತಗದ್ ಬಿಡು ಅದನ್ನ.”

“ಯಾಕಕ್ಕಾ? ಖರೇನ ಬರದೀನಿ.”

“ಗೊತ್ತೈತಿ. ತಗಿ.”

ಆಮೇಲೆ ಬಿಡಿಸಿ ಹೇಳಿದಳು. ಇಳಕಲ್ಲಿನಲ್ಲಿ ಅಪ್ಪ ಮಗ್ಗದ ಮೇಲೆ ಸೀರೆ ನೇಯುತ್ತಿದ್ದಾಗ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಯಾರಾದರೂ ಸಿನಿಮಾ ನೋಡಿ ಬಂದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಹೇಳುವವಳ ಪಾಲಿನ ನೂಲನ್ನು ಕೇಳುವವರು ಸುತ್ತಬೇಕು. ಈ ಸಿನಿಮಾ ಹೇಳಿದವಳು ಅಕ್ಕ. ಅವಳು ಹೇಳಿದ್ದರಲ್ಲಿ ನಾಯಕಿ ಯಾರ ಕಾಲಿಗೂ ಬೀಳುವುದಿಲ್ಲ. ಮಗಳನ್ನು ಎತ್ತಿಕೊಂಡು ಹೊರಟು ಬೇರೆ ಊರಲ್ಲಿ ಹೊಲಿಗೆ ಯಂತ್ರ ಇಟ್ಟು ಬದುಕುತ್ತಾಳೆ. ನಾನೂ ಕೇಳಿದ್ದೆ. ನೋಡುವಾಗ ನೆನಪಾಗಲಿಲ್ಲ.

ಕೇಳಿದವರಲ್ಲಿ ಪಕ್ಕದ ಮನೆಯ ಸೊಸೆಯೂ ಇದ್ದಳು, ಗಂಡನಿಂದ ದಿನಾ ಏಟು ತಿನ್ನುವವಳು. ಮರುವರ್ಷ ಅವಳು ಮಗಳನ್ನು ಎತ್ತಿಕೊಂಡು ತವರೂರು ಬಾದಾಮಿಗೆ ಹೋಗಿ ಹೊಲಿಗೆ ಯಂತ್ರ ಇಟ್ಟಳು. ಇವತ್ತಿಗೂ ಹೊಲಿಯುತ್ತಾಳೆ. ಆ ಸಿನಿಮಾವನ್ನು ಅವಳು ನೋಡಿರಲೇ ಇಲ್ಲ, ಕೇಳಿದ್ದೇ ಸಾಕಾಗಿತ್ತು. ಈಗ ನನ್ನ ಬರಹ ಓದಿ, ಹಂಗಾದರೆ ಆಕಿ ಮನೆ ಬಿಟ್ಟು ಹೋಗಲೇ ಇಲ್ಲೇನು ಎಂದು ಅಕ್ಕನನ್ನು ಕೇಳಿದ್ದಳು.

“ನೀ ಯಾಕ ಸುಳ್ಳು ಹೇಳಿದಿ ಅಕ್ಕಾ?”

“ಅರ್ಧಕ್ಕ ಎಳಕೊಂಡ್ ಬಂದ್ರ ಕೊನಿ ಎಲ್ಲಿಂದ ತರ್ಲಿ?”

ಅವತ್ತು ಅವಳು ಅಪ್ಪನಿಗೆ ಹೇಳದೆ ಟಾಕೀಸಿಗೆ ಹೋಗಿದ್ದಳು. ಎಲ್ಲಿದ್ದಾಳೆಂದು ಅಪ್ಪನಿಗೆ ಹೇಳಿದವನು ನಾನು. ಇಂಟರ್ವಲ್‌ನಲ್ಲಿ ಅಪ್ಪ ಜಡೆ ಹಿಡಿದು ಎಳೆದು ತಂದ, ಆ ವರ್ಷವೇ ಮದುವೆ ಮಾಡಿ ಕಳಿಸಿದ. ಭಾವನದೂ ಸುಮ್ಮನಿರುವ ಕೈಯಲ್ಲ. ಅಕ್ಕ ಅಲ್ಲೇ ಇದ್ದಾಳೆ.

“ಖರೆ ಹೇಳೂದು ನಿನಗ ಸಣ್ಣಾಂವ ಇದ್ದಾಗಿಂದ ಚಟ, ಬಿಡು” ಎಂದಳು.

ಬರಹ ತೆಗೆದುಹಾಕಿದೆ. ಎರಡು ದಿನ ಬಿಟ್ಟು ಹೇಳಲು ಫೋನ್ ಮಾಡಿದೆ.

“ಈಗ ತಗದ್ರ ಏನ್ ಬಂತು? ಆಕಿ ಪಿಚ್ಚರನ ನೋಡಿ ಬಿಟ್ಟಾಳ.”

“ಬೈದ್ಲೇನು?”

“ಬೈದಿದ್ರ ಚಲೋ ಇತ್ತು. ‘ಆ ಕೊನಿ ಹೊಳದದ್ದು ನಿನಗ. ಮತ್ತ ನೀ ಯಾಕ ಬಿಟ್ಟು ಬರ್ಲಿಲ್ಲ?’ ಅಂದ್ಲು.”

“ನೀ ಏನಂದಿ?”

ಆ ಕಡೆಯಿಂದ ಭಾವನ ದನಿ ಕೇಳಿಸಿತು: “ಎಲ್ಲಿ ಸತ್ತೀ? ಊಟಕ್ಕ ತಾಟ ಹಚ್ಚು ಬಾ.”

“ಬಂದ್ನಿ ತಡೀರಿ” ಎಂದು ಅಕ್ಕ ಫೋನ್ ಇಟ್ಟಳು.