ಜಾಮೀನಿಗೆ ನಿಂತವನು

ಮೊನ್ನೆ ಟೋಕಿಯೋದ ಫುನಾಬೊರಿಯಲ್ಲಿ, ನಮ್ಮ ಕಡೆಯ ಹೋಟೆಲೊಂದರ ಬಾಗಿಲಲ್ಲಿ, ಕಾದ ಹಂಚಿಗೆ ಈರುಳ್ಳಿ ಉಜ್ಜಿದ ವಾಸನೆ ಮೂಗಿಗೆ ಬಡಿಯಿತು. ಹಸಿದಿದ್ದೆ, ಆದರೂ ಒಳಗೆ ಹೋಗದೆ ವಾಪಸು ಬಂದೆ. ಕಾರಣ ಹೆಂಡತಿಗೆ ಗೊತ್ತು.

ಆ ವಾಸನೆ ನೆನಪಿಗೆ ತಂದವರು ದಾವಣಗೆರೆ ಕಡೆಯ ಒಬ್ಬ ಅಡುಗೆಯವರು. ಜಪಾನಿಗೆ ಕರೆಸಿಕೊಂಡ ಹೋಟೆಲು ಮುಚ್ಚಿ, ವೀಸಾ ಮುಗಿದು, ವಲಸೆ ಇಲಾಖೆಯ ಬಂಧನದಲ್ಲಿ ತಿಂಗಳುಗಟ್ಟಲೆ ಕೊಳೆತಿದ್ದರು. ತಾತ್ಕಾಲಿಕ ಬಿಡುಗಡೆಗೆ ಠೇವಣಿ ಇಡಬೇಕಿತ್ತು, ಒಬ್ಬ ಜಾಮೀನುದಾರನೂ ಬೇಕಿತ್ತು. ಠೇವಣಿಯನ್ನು ಊರಿಂದ ಅವರ ಅಣ್ಣ ಕಳಿಸಿದರು. ಜಾಮೀನಿಗೆ ನಾನು ನಿಂತೆ. ಇಲ್ಲಿನ ಕನ್ನಡದವರೆಲ್ಲ ಬೆನ್ನು ತಟ್ಟಿದರು, ನಾನೂ ಒಂದಿಷ್ಟು ಉಬ್ಬಿದೆ. ಬಿಡುಗಡೆಯ ಷರತ್ತಿನಂತೆ ಅಡುಗೆಯವರು ಕೆಲಸ ಮಾಡಕೂಡದು, ಅನುಮತಿಯಿಲ್ಲದೆ ಟೋಕಿಯೋ ಗಡಿ ದಾಟಕೂಡದು. ತಪ್ಪಿದರೆ ಮತ್ತೆ ಒಳಗೆ. ತಪ್ಪದಂತೆ ನೋಡಿಕೊಳ್ಳುತ್ತೇನೆಂದು ಸಹಿ ಹಾಕಿದವನು ನಾನೇ.

ಅವರಿದ್ದ ಕಸಾಯ್ ಟೋಕಿಯೋಗೆ ಸೇರಿದ್ದು, ಹೊಳೆಯಾಚೆಯ ನಮ್ಮ ಉರಯಾಸು ಪಕ್ಕದ ಚಿಬಾ ಪ್ರಾಂತಕ್ಕೆ. ನಡುವೆ ಒಂದು ಸೇತುವೆ, ಅಷ್ಟೇ. ಆಗ ನಾನು ಖಾಯಂ ವಾಸಕ್ಕೆ ಅರ್ಜಿ ಹಾಕುವವನಿದ್ದೆ. ಅದಕ್ಕೂ ಯಾರದಾದರೂ ಜಾಮೀನು ಬೇಕು. ನಮ್ಮ ಜಪಾನಿ ಮ್ಯಾನೇಜರ್‌ಗೆ ದೋಸೆಯೆಂದರೆ ಪ್ರಾಣ. ಅವರನ್ನು ಭಾನುವಾರದ ಊಟಕ್ಕೆ ಕರೆದು, ಅಡುಗೆಯವರಿಗೆ ಫೋನ್ ಮಾಡಿದೆ.

"ಹೊಳಿ ದಾಟಂಗಿಲ್ಲಲ್ಲ ಸರ್..." ಅಂದರು.

"ಒಂದೇ ಸ್ಟೇಷನ್ ರೀ. ಯಾರು ಚೆಕ್ ಮಾಡ್ತಾರೆ? ಗ್ಯಾರಂಟರ್ ನಾನೇ ಅಲ್ವಾ?"

ಭಾನುವಾರ ಬಂದರು, ದೋಸೆ ಹುಯ್ದರು. ಮ್ಯಾನೇಜರ್ ಐದು ತಿಂದರು. ಅಡುಗೆಯವರು ಹಿಂದಿರುಗುವಾಗ ಉರಯಾಸು ಸ್ಟೇಷನ್ನಿನಲ್ಲಿ ಪೊಲೀಸರು ವಿದೇಶಿಯರ ವಾಸದ ಕಾರ್ಡ್ ಕೇಳಿದರು.

ಮರುದಿನ ಇಲಾಖೆಯಿಂದ ನನಗೆ ಫೋನ್. ಅವರು ಚಿಬಾಗೆ ಏಕೆ ಹೋಗಿದ್ದರು, ನಿಮಗೆ ಗೊತ್ತೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಸುಮಿಮಾಸೆನ್, ಕ್ಷಮಿಸಿ, ಗೊತ್ತಿಲ್ಲ ಎಂದು ನಾನೂ ಮರ್ಯಾದೆಯಿಂದಲೇ ಹೇಳಿದೆ. ಥೂ, ಎಂಥ ನಾಲಿಗೆ ನನ್ನದು.

ಬಿಡುಗಡೆ ರದ್ದಾಯಿತು, ಠೇವಣಿ ಮುಟ್ಟುಗೋಲಾಯಿತು. ಬಂಧನ ಕೇಂದ್ರದ ಗಾಜಿನಾಚೆ ಅವರನ್ನು ಒಮ್ಮೆ ನೋಡಿದೆ.

"ಸಮುದ್ರ ನೋಡಾಕೆ ಹೋಗಿದ್ದೆ ಅಂತ ಬರ್ಸೀನಿ ಸರ್. ನಿಮ್ಮ ಹೆಸರು ಎತ್ತಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಇಲಾಖೆಯವರು ಅವರನ್ನು ಊರಿಗೆ ಕಳಿಸಿ ಮೂರು ವರ್ಷವಾಯಿತು. ಎಲ್ಲಿದ್ದಾರೋ... ಹುಡುಕಿದರೆ ಸಿಕ್ಕಾರು, ಆದರೆ ಯಾವ ಮುಖ ಹೊತ್ತು ಹುಡುಕಲಿ? ನನ್ನ ಅರ್ಜಿಗೆ ಮ್ಯಾನೇಜರ್ ನಗುತ್ತಲೇ ಸಹಿ ಹಾಕಿದರು. ನಿಮ್ಮಂಥ ನಂಬಿಕಸ್ಥರಿಗೆ ಹಾಕಲು ಯೋಚಿಸಬೇಕೇ ಎಂದರು. ಖಾಯಂ ವಾಸದ ಕಾರ್ಡ್ ಈಗ ಪರ್ಸಿನಲ್ಲಿದೆ. ಆಫೀಸಿಗೆಂದು ದಿನಾ ಎರಡು ಸಲ ಆ ಹೊಳೆ ದಾಟುತ್ತೇನೆ. ತೋರಿಸಿ ಎಂದು ಇದುವರೆಗೆ ಯಾರೂ ಕೇಳಿಲ್ಲ.