ಬೀಸುಕಲ್ಲಿನ ಮುಂದೆ ಬೈಯುತ್ತಿದ್ದ ಫಕೀರವ್ವಾಯಿ

ಫಕೀರವ್ವಾಯಿ ದಿನಾ ಬೆಳಗಿನ ಜಾವ ದೇವರಿಗೆ ಬೈಯುತ್ತಿದ್ದಳು. ಕೋಳಿ ಕೂಗುವ ಹೊತ್ತಿಗೆ ಅವಳ ಮನೆಯ ಬೀಸುಕಲ್ಲು ಗುರ್ ಎನ್ನುತ್ತಿತ್ತು, ಅದರ ಹಿಂದೆಯೇ ಅವಳ ಬಾಯಿ ತೆರೆಯುತ್ತಿತ್ತು. ಗಜೇಂದ್ರಗಡದ ಕೋಟೆಗುಡ್ಡದ ಬುಡದಲ್ಲಿ ನಮ್ಮ ನೇಕಾರರ ಓಣಿ. ಉಳಿದ ಹೆಂಗಸರು ಬೀಸುವಾಗ ಹಾಡುತ್ತಿದ್ದರು. ತವರಿನ ಹಾಡು, ಶಿವನ ಹಾಡು, ಅಣ್ಣ ಸೀರೆ ತಂದ ಹಾಡು. ಇವಳು ಮಾತ್ರ ಹೆಸರು ಹಿಡಿದು ಬೈಯುತ್ತಿದ್ದಳು. ಮೊದಲು ಗುಡ್ಡದ ದೇವರು ಕಾಲಕಾಲೇಶ್ವರನಿಗೆ, ಆಮೇಲೆ ಎಂದೋ ಸತ್ತುಹೋದ ತನ್ನ ಅತ್ತೆಗೆ, ಆಮೇಲೆ ತೂಕ ಹೆಚ್ಚಲೆಂದು ಹಸಿ ನೂಲು ಕೊಟ್ಟ ಸಾಹುಕಾರನಿಗೆ, ಕೊನೆಗೆ ಚಾವಡಿಯ ಸಿಪಾಯಿಗೂ ಕುಂಪಣಿ ಸರಕಾರಕ್ಕೂ.

“ಗುಡ್ಡದಾಗ ತಂಪಾಗಿ ಕುಂತೀಯಲ್ಲೋ ಕಾಲಕಾಲಪ್ಪ, ಒಮ್ಮೆ ಕೆಳಗ ಇಳದು ಬಾ. ಈ ಗೂಟ ಹಿಡಕೊಂಡು ಒಂದು ಬುಟ್ಟಿ ಜ್ವಾಳ ಬೀಸು. ಆಮ್ಯಾಲ ನನಗ ತಾಳ್ಮಿ ಕಲಿಸಾಕ ಬರುವಂತಿ.”

ಬೀಸುವುದು ಮುಗಿಯುತ್ತಿದ್ದಂತೆ ಬೈಗಳವೂ ಮುಗಿಯುತ್ತಿತ್ತು. ಅರಿವೆಯಿಂದ ಕಲ್ಲು ಒರೆಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳೆಂದರೆ ಮರುದಿನದವರೆಗೆ ಯಾರ ಬಗ್ಗೆಯೂ ಒಂದು ಕೆಟ್ಟ ಮಾತಿಲ್ಲ. ಬಾವಿಕಟ್ಟೆಯ ಮೇಲೆ ಯಾರಾದರೂ ಚಾಡಿ ತೆಗೆದರೆ, “ಅದನ್ನ ನಾಳಿಗೆ ಇಡವಾ, ಇವತ್ತಿನ ಹಿಟ್ಟಾತು” ಎಂದು ಕೊಡ ಎತ್ತಿಕೊಂಡು ಹೊರಡುತ್ತಿದ್ದಳು.

ಅಂಗಳ ಸಾರಿಸಿ, ಮೈತೊಳೆದು, ಇಬತ್ತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಸ್ವಲ್ಪ ಹೊತ್ತು ಕೂಡುತ್ತಿದ್ದಳು. ಆಗಷ್ಟೇ ಬೈದ ದೇವರಿಗೆ ಆಗಷ್ಟೇ ಪತ್ರಿ ಏರಿಸುತ್ತಿದ್ದಳು. ರೊಟ್ಟಿ ಬಡಿದಾಗ ಮೊದಲನೆಯದನ್ನು ಬಿಸಿ ಇರುವಾಗಲೇ ಒಲೆಯ ಮುಂದೆ ಕೂತು ತಾನೇ ತಿನ್ನುತ್ತಿದ್ದಳು. ಗಂಡಸರು ಉಣ್ಣುವ ಮುಂಚೆ ಹೆಂಗಸು ಬಾಯಿಗೆ ತುತ್ತು ಇಡುವುದು ನಮ್ಮ ಓಣಿಯಲ್ಲಿ ಇನ್ನೆಲ್ಲೂ ಇರಲಿಲ್ಲ. ಕೇಳಿದರೆ, “ಹಸದಾಗ ನನ್ನ ಕೈ ಎಲ್ಲಾರನ್ನೂ ಬಡೀಬೇಕು ಅಂತೈತಿ. ಅದಕ್ಕ ಮೊದಲ ಅದಕೊಂದು ರೊಟ್ಟಿ ಕೊಟ್ಟುಬಿಡತೇನಿ” ಎನ್ನುತ್ತಿದ್ದಳು. ಸಂಜೆ ದೀಪ ಹಚ್ಚಿದಾಗ, ಆ ದಿನ ದೇವರು ಏನು ಕೊಟ್ಟನೋ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ನೂಲು ಕಡಿಯಲಿಲ್ಲ. ಆಕಳು ಒದೆಯಲಿಲ್ಲ. ಮೊಣಕಾಲು ಕಡಿಮೆ ನೋಯಿತು. “ಬರೇ ಬೈಗಳ ಕೇಳಿ ಕೇಳಿ ಅವನಿಗೂ ಬ್ಯಾಸರ ಆಗಾಂಗಿಲ್ಲೇನು? ಕೊಟ್ಟದ್ದನ್ನೂ ಹೇಳಬೇಕು.”

ಈ ಪದ್ಧತಿ ಅವಳು ನನಗೂ ಹಚ್ಚಿದಳು. ಹಚ್ಚಿದ್ದು ಹೇಗೆಂದು ಹೇಳುವಾಗ ನಮ್ಮತ್ತೆಯ ಮೇಲೆ ನನಗೆ ಇಂದಿಗೂ ಸಿಟ್ಟು ಬರುತ್ತದೆ, ದೇವರು ಕ್ಷಮಿಸಲಿ.

ನನ್ನ ಚೊಚ್ಚಲ ಮಗಳು ಜ್ವರದಲ್ಲಿ ಹೋದಳು. ಸಾವಿನ ಮನೆಯಲ್ಲಿ ಬೀಸುಕಲ್ಲು ತಿರುಗಿಸಬಾರದು, ಅದರ ಸಪ್ಪಳ ಹೊರಗೆ ಕೇಳಬಾರದು ಎಂಬುದು ನಮ್ಮ ಓಣಿಯ ರೂಢಿ. ಬೀಗರು, ನೆರೆಯವರು ಬುತ್ತಿ ತರುತ್ತಾರೆ. ಕೆಲವು ದಿನಕ್ಕೆ ಅದು ಸರಿಯೇ. ಆದರೆ ನಮ್ಮತ್ತೆ ತನ್ನ ದೊಡ್ಡಸ್ತಿಕೆಗಾಗಿ ಅದನ್ನು ಎಳೆಯುತ್ತಲೇ ಹೋದಳು. ಸೊಸೆಯಿಂದ ಹುಲ್ಲುಕಡ್ಡಿಯನ್ನೂ ಎತ್ತಿಸುವುದಿಲ್ಲ ಎಂದು ಬಂದವರೆಲ್ಲ ಹೊಗಳಬೇಕು. ನಾನು ಮೂಲೆಯಲ್ಲಿ ಕಂಬಳಿಯ ಮೇಲೆ ಕೂತೆ. ಅಳು ನಿಂತಿತು, ಮಾತು ನಿಂತಿತು. ಬೆಳಗಾದದ್ದು ಸಂಜೆಯಾದದ್ದು ತಿಳಿಯದಾಯಿತು. ಗಾಳಿ ಹೊಕ್ಕಿದೆ, ಬೇವಿನ ಬರಲಿನಿಂದ ಬಡಿಸಬೇಕು ಎಂದು ಮಾತು ನಡೆಯಿತು.

ಆಗ ಒಂದು ಮುಂಜಾನೆ ಫಕೀರವ್ವಾಯಿ ಮೊರದಲ್ಲಿ ಜೋಳ ಹಿಡಿದು ನಮ್ಮ ಮನೆಗೆ ನುಗ್ಗಿದಳು.

“ಫಕೀರವ್ವ, ದುಃಖದ ಮನ್ಯಾಗ ಕಲ್ಲಿನ ಸಪ್ಪಳ ಆಗಬಾರದು” ಎಂದಳು ನಮ್ಮತ್ತೆ.

“ಹೌದು, ಸಪ್ಪಳ ಆಗಬಾರದು. ಹುಡುಗಿ ಒಳಗೊಳಗ ಮುರದು ಬಿದ್ರ ಸಪ್ಪಳ ಆಗೂದಿಲ್ಲ ನೋಡು, ಅದು ನಿನಗ ಚಲೋ. ಆಚೆ ಸರಿ.” ನನ್ನ ರಟ್ಟೆ ಹಿಡಿದು ಎಬ್ಬಿಸಿ ಕಲ್ಲಿನ ಮುಂದೆ ಕೂಡಿಸಿದಳು. ಗೂಟದ ಮೇಲೆ ನನ್ನ ಕೈ ಇಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. “ಲೇ ನೀಲಿ, ಬೈ.”

“ಯಾರಿಗೆ ಬೈಲಿ ಆಯಿ?”

“ಯಾರ ಮ್ಯಾಲ ಸಿಟ್ಟೈತಿ ಅವರಿಗೆ. ಆ ಗುಡ್ಡದಾಗ ಕುಂತಾನಲ್ಲ, ಅವನಿಂದ ಸುರು ಮಾಡು. ಅವನೇನು ಹೊಳ್ಳಿ ಬೈಯೂದಿಲ್ಲ.”

ಬೈದೆ. ದೇವರಿಗೆ ಬೈದೆ, ಜ್ವರಕ್ಕೆ ಬೈದೆ, ನಮ್ಮತ್ತೆ ಬಾಗಿಲಲ್ಲೇ ನಿಂತಿದ್ದಳು, ಅವಳಿಗೂ ಬೈದೆ. ಹಿಟ್ಟು ಬೀಳುತ್ತಿತ್ತು, ಕಣ್ಣೀರು ಅದರಲ್ಲೇ ಬೀಳುತ್ತಿತ್ತು. ಅಂದಿನ ರೊಟ್ಟಿ ಎಲ್ಲರೂ ಸುಮ್ಮನೆ ತಿಂದರು. ಅಂದಿನಿಂದ ಮುಂಜಾನೆ ನನ್ನ ಪಾಲಿನ ಬೈಗಳ ಬೈದು, ಸಂಜೆ ದೀಪದ ಮುಂದೆ ದೇವರು ಕೊಟ್ಟದ್ದನ್ನು ಹೇಳುತ್ತ ಬಂದಿದ್ದೇನೆ. ನನ್ನ ಬುದ್ಧಿ ನನ್ನಲ್ಲೇ ಉಳಿದದ್ದು ಇದರಿಂದ. ದುಃಖ ಹೋಯಿತೆಂದು ನಾನು ಹೇಳುವುದಿಲ್ಲ, ಅದಕ್ಕೆ ದಿನದಲ್ಲಿ ಒಂದು ಹೊತ್ತು ನಿಗದಿಯಾಯಿತು.

ಇಂಥವಳನ್ನು ನಮ್ಮವರು ಏನು ಮಾಡಿದರು ಎಂಬುದೇ ಹೇಳಬೇಕಾದ ಮಾತು.

ಅವಳಿಗೆ ಸೂಡಿ ಊರಿಗೆ ಕೊಟ್ಟ ಮಗಳೊಬ್ಬಳು, ಇಬ್ಬರು ಗಂಡುಮಕ್ಕಳು. ಹಿರಿಯ ಈರಪ್ಪ ಓಣಿಯವರು ನೇಯ್ದ ಸೀರೆಗಳನ್ನು ಎತ್ತಿನ ಮೇಲೆ ಹೇರಿಕೊಂಡು ಊರೂರು ತಿರುಗಿ ಮಾರುವವನು, ಕಿರಿಯ ಬಸಪ್ಪ ಮನೆಯಲ್ಲಿ ಮಗ್ಗದ ಮೇಲೆ ಕೂಡುವವನು. ನರಗುಂದದಲ್ಲಿ ಗದ್ದಲ ಎದ್ದ ಬೇಸಿಗೆ, “ಈಗ ಹೋಗಬ್ಯಾಡೋ” ಎಂದು ತಾಯಿ ಎಷ್ಟು ಹೇಳಿದರೂ ಕೇಳದೆ ಈರಪ್ಪ ಸೀರೆ ಕಟ್ಟಿಕೊಂಡು ಅಲ್ಲಿಗೇ ಹೋದ. ಕುಂಪಣಿಯ ದಂಡು ಬಂತು, ಊರಲ್ಲಿ ಗುಂಡು ಹಾರಿದವು. ಯಾರ ಗುಂಡು ಯಾರಿಗೆ ಬಿತ್ತೋ. ಕೂಡ ಹೋಗಿದ್ದ ವ್ಯಾಪಾರಿಯೊಬ್ಬ ಈರಪ್ಪನ ರುಮಾಲು ತಂದು ತಾಯಿಯ ಮುಂದೆ ಇಟ್ಟ.

ಬುತ್ತಿಯ ದಿನಗಳು ಕಳೆದ ಮೇಲೆ ಫಕೀರವ್ವಾಯಿ ತಾನಾಗಿ ಎದ್ದು ಕಲ್ಲಿನ ಮುಂದೆ ಕೂತಳು. ಅಂದು ಅವಳು ಸರಕಾರಕ್ಕೆ ಬೈದದ್ದು ಓಣಿಯ ಆ ತುದಿಗೆ ಕೇಳಿತು. ಅದೇ ಮಧ್ಯಾಹ್ನ ಬಸಪ್ಪ ಬೀಸುಕಲ್ಲಿನ ಮೇಲಿನ ಕಲ್ಲು ಎತ್ತಿಕೊಂಡು ಹೋಗಿ ಹಾಳುಬಾವಿಗೆ ಹಾಕಿದ.

ನಾನು ಅವನ ಮಗ್ಗದ ಗುಂಡಿಯ ಎದುರಿಗೇ ಹೋಗಿ ನಿಂತೆ.

“ಬಸಪ್ಪಣ್ಣ, ಆಯಿದು ಕಲ್ಲ ಎಲ್ಲೈತಿ?”

“ಬಾವ್ಯಾಗೈತಿ. ನಿನ್ನ ಗಂಡನ ಕುತಗಿ ಗಟ್ಟಿ ಇದ್ರ ಇಳದು ತಗೀ ಅನ್ನು.” ಲಾಳಿ ಹಾಯಿಸುವುದನ್ನು ಅವನು ನಿಲ್ಲಿಸಲಿಲ್ಲ. “ನರಗುಂದದ ಸುದ್ದಿ ಗೊತ್ತಿಲ್ಲೇನು ನಿನಗ? ಚಾವಡಿ ಸಿಪಾಯಿ ದಿನಾ ಓಣ್ಯಾಗ ಅಡ್ಡಾಡಾಕತ್ತಾನ. ಅಕಿ ಬಾಯಿಗೆ ನಾ ಉರಲ ಹಾಕ್ಕೋಬೇಕೇನು?”

“ನಮ್ಮ ನಡುಮನಿಗೆ ಕಳಸು. ಬಾಗಿಲಾ ಮುಚ್ಚಿ ಬೀಸತೇವಿ.”

“ಬಾಗಿಲಾ ಮುಚ್ಚಿದ್ರ ನಮ್ಮವ್ವನ ಬಾಯಿ ಮುಚ್ಚತೈತೇನು? ಸುಮ್ನ ನಿನ್ನ ಮನಿ ನೋಡ್ಕೋ ಹೋಗವಾ.”

ಅವನ ಹೆದರಿಕೆ ಸುಳ್ಳಲ್ಲ. ಆ ದಿನಗಳಲ್ಲಿ ಮನೆಮನೆಯ ಕತ್ತಿ, ಬಂದೂಕು ಎಲ್ಲ ಕಸಿದುಕೊಂಡು ಹೋಗಿದ್ದರು, ಒಂದು ಮಾತಿಗೆ ಹಿಡಿದೊಯ್ದ ಉದಾಹರಣೆಯೂ ಇತ್ತು. ಎಲ್ಲ ಬಲ್ಲೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ತಾಯಿಯ ಕೈಹಿಡಿದು, “ಅವ್ವಾ, ಸರಕಾರವೊಂದನ್ನ ಬಿಟ್ಟು ಉಳದವರಿಗೆ ಬೈ, ನನಗ ಬೈ” ಎಂದು ಕೇಳಲು ಅವನಿಗೆ ಬಾಯಿ ಇರಲಿಲ್ಲವೇ? ಕೇಳಿದ್ದರೆ ಅವಳು ಅಷ್ಟಕ್ಕೇ ಒಪ್ಪುತ್ತಿದ್ದಳು.

ಓಣಿ ಅವನನ್ನು ಹೊಗಳಿತು. ನನ್ನ ರಕ್ತ ಕುದಿಸಿದ್ದು ಇದು. ತಾಯಿಯನ್ನು ಹೊಸ ಕಂಬಳಿಯ ಮೇಲೆ ಕೂಡಿಸಿದ್ದಾನೆ, ಹಿಟ್ಟು ಬೀಸಲು ಹೆಂಡತಿಯನ್ನು ಊರಲ್ಲೇ ಇರುವ ತವರಿಗೆ ಕಳಿಸುತ್ತಾನೆ, ತಾಯಿಯ ಕೈಯಲ್ಲಿ ಕಸಬರಿಗೆಯನ್ನೂ ಕೊಡುವುದಿಲ್ಲ, ಮಗ ಎಂದರೆ ಹೀಗಿರಬೇಕು ಎಂದು. ನಮ್ಮತ್ತೆ ಎಲ್ಲರಿಗಿಂತ ಮುಂದೆ. ನಾನು ಹೋದಾಗ ಫಕೀರವ್ವಾಯಿ ಕಂಬಳಿಯ ಎಳೆ ಒಂದೊಂದೇ ಕೀಳುತ್ತ ಕೂತಿರುತ್ತಿದ್ದಳು. ತಟ್ಟೆಯಲ್ಲಿ ರೊಟ್ಟಿ ಒಣಗಿರುತ್ತಿತ್ತು. ಸಂಜೆ ದೀಪ ಬೇರೆಯವರು ಹಚ್ಚುತ್ತಿದ್ದರು, ಅವಳು ಅದರ ಕಡೆ ತಿರುಗುತ್ತಲೂ ಇರಲಿಲ್ಲ. “ಆಯಿ, ನಾ ನೀಲಿ” ಎಂದರೆ ಹೌದೇ ಎನ್ನುವಂತೆ ನೋಡುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳನ್ನು ಸೂಡಿಗೆ, ಮಗಳು ಗಂಗವ್ವನ ಮನೆಗೆ, ಬಂಡಿಯಲ್ಲಿ ಕೂಡಿಸಿ ಕಳಿಸಿಬಿಟ್ಟರು.

ಸುಗ್ಗಿಯ ಹೊತ್ತಿಗೆ ನಮ್ಮ ಯಜಮಾನರು ಹತ್ತಿಯ ಸಲುವಾಗಿ ಸೂಡಿಗೆ ಹೊರಟರು. ನಾನೂ ಹಟ ಮಾಡಿ ಬಂಡಿ ಹತ್ತಿದೆ. ಗಂಗವ್ವನ ಮನೆ ಊರ ಹೊರಗೆ, ಹೊಲದ ಅಂಚಿಗೆ. ಅವಳು ಒಳ್ಳೆಯ ಹೆಂಗಸು, ನೀರು ಕೊಟ್ಟು, ನಗುತ್ತ ಹೇಳಿದಳು:

“ನೀಲಕ್ಕ, ನಮ್ಮವ್ವ ಈಗ ಭಾಳ ಶಾಂತ ಆಗ್ಯಾಳ. ಮೊದಲಿನ ಹಾಂಗ ಬೈಯೂದಿಲ್ಲ, ಒದರೂದಿಲ್ಲ. ದೇವರು ಕಣ್ಣು ತಗದ.”

ಗೋಡೆಗೆ ಒರಗಿ ಕೂತಿದ್ದ ಅವಳನ್ನು ನೋಡಿದೆ. ಕೈಗಳು ಮೆತ್ತಗಾಗಿದ್ದವು. ಬೀಸಿ ಬೀಸಿ ಕಟ್ಟಿದ್ದ ಜಡ್ಡು ಸುಲಿದು ಹೋಗಿ ಎಳೆಗೂಸಿನ ಅಂಗೈಯಂತೆ ಆಗಿತ್ತು.

“ಇದು ಶಾಂತ ಅಲ್ಲ ಗಂಗಾ” ಎಂದೆ. “ನಿಮ್ಮವ್ವ ಹೊಂಟಾಳ. ನೀವೆಲ್ಲಾ ಕೂಡಿ ಕೈಹಿಡದು ಕಳಸಾಕತ್ತೀರಿ.”

ಗಂಗವ್ವನ ಮುಖ ಬಿತ್ತು. ಬೀಳಲಿ ಎಂದೇ ಹೇಳಿದ್ದೆ.

ಮರುದಿನ ಕೋಳಿ ಕೂಗಿದಾಗ ಆಯಿಯನ್ನು ಎಬ್ಬಿಸಿ ಗಂಗವ್ವನ ಬೀಸುಕಲ್ಲಿನ ಮುಂದೆ ಕೂಡಿಸಿದೆ. ಗೂಟದ ಮೇಲೆ ಅವಳ ಕೈ ಇಟ್ಟು ನನ್ನ ಕೈ ಒತ್ತಿದೆ. ಕಲ್ಲು ತಿರುಗಿತು, ಅವಳ ಬಾಯಿ ತೆರೆಯಲಿಲ್ಲ. ಹಾಗಾದರೆ ನಾನೇ ಬೈಯುತ್ತೇನೆ ಎಂದುಕೊಂಡೆ. ಕಾಲಕಾಲೇಶ್ವರನಿಗೆ ಬೈದೆ. ದಂಡಿಗೆ ಬೈದೆ, ಬಸಪ್ಪನಿಗೆ ಮನಸಾರೆ ಬೈದೆ, ನಮ್ಮ ಓಣಿಯ ಒಂದೊಂದು ಮನೆಯ ಹೆಸರು ತೆಗೆದು ಬೈದೆ. ಜೋಳ ಮುಗಿಯುತ್ತ ಬಂತು, ನನ್ನ ಗಂಟಲೂ ಬಿದ್ದುಹೋಯಿತು. ಇನ್ನೊಂದು ಹಿಡಿ ಹಾಕಲು ಕೈ ಚಾಚಿದಾಗ ನನ್ನ ಪಕ್ಕದಿಂದ ಧ್ವನಿ ಬಂತು.

“ಈರ್ಯಾ.”

ಗಂಗವ್ವ ಬಾಗಿಲಿಗೆ ಓಡಿಬಂದಳು.

“ಈರ್ಯಾ, ಹೋಗಬ್ಯಾಡ ಅಂದಿದ್ದೆ. ಕಾಲಾಗ ಬಿದ್ದು ಹೇಳಿದ್ದೆ. ಸೀರಿ ಬಣ್ಣ ಕುಂದತಾವು ಅಂದಿ. ಸೀರಿ ಹಾಳಾದ್ರ ಹಾಳಾಗಲಿ, ನಾ ಬತ್ತಲೆ ಇರತಿದ್ದೆ. ತಾಯಿ ಮಾತು ಕಾಲಾಗಿನ ಕಸ ಆತಲ್ಲೋ ನಿನಗ. ನನ್ನ ಹಿಂದ ಬಿಟ್ಟು, ಈ ಮುದುಕಿ ಮಲಗೂ ಮಣ್ಣಾಗ ನೀ ಹೋಗಿ ಮಲಗಿದ್ಯಾ, ಹರಾಮಖೋರ.”

ಸತ್ತ ಮಗನಿಗೆ ಅವಳು ಅಲ್ಲಿಯವರೆಗೆ ಒಮ್ಮೆಯೂ ಬೈದಿರಲಿಲ್ಲ. ಸರಕಾರಕ್ಕೆ ಬೈದಿದ್ದಳು, ಅದು ಸುಲಭ. ಕಲ್ಲು ಗರಗರ ತಿರುಗಿತು, ಈಗ ನನ್ನ ಕೈಯನ್ನು ಅವಳ ಕೈ ಎಳೆಯುತ್ತಿತ್ತು. ಗಂಗವ್ವ ಅಳುತ್ತ, “ಸತ್ತವಗ ಹಾಂಗ ಅನ್ನಬಾರದವ್ವಾ, ಸಾಕು ಮಾಡು” ಎಂದು ಹತ್ತಿರ ಬಂದಳು. ನಾನು ಅವಳ ಸೆರಗು ಹಿಡಿದು ಕೂಡಿಸಿದೆ. “ತಡೀಬ್ಯಾಡ. ಜ್ವಾಳ ತಂದು ಹಾಕು.”

ಅವಳು ತಂದು ಹಾಕಿದಳು. ಸೂರ್ಯ ಮೂಡುವವರೆಗೆ ಬೀಸಿದೆವು. ಅಷ್ಟು ಹಿಟ್ಟು ಆ ಮನೆಗೆ ವಾರವೆಲ್ಲ ಸಾಕಾಗುವಂತಿತ್ತು. ಹೊರಡುವಾಗ ಆಯಿ ಅಂಗಳದವರೆಗೆ ಗೋಡೆ ಹಿಡಿದು ಬಂದಳು. ನನ್ನ ಕೆನ್ನೆಯ ಮೇಲಿನ ಹಿಟ್ಟು ಒರೆಸಿ, “ಬೈಯೂದು ಇನ್ನೂ ಬರೂದಿಲ್ಲ ನಿನಗ, ಹೇಳಿದ್ದನ್ನ ಹೊಳ್ಳಿಹೊಳ್ಳಿ ಹೇಳತಿ” ಎಂದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಮುಂದಿನ ಮಳೆಗೆ ಮುಂಚೆ ಅವಳು ಹೋದಳೆಂದು ಸುದ್ದಿ ಬಂತು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಬಾಣಂತಿಯಾಗಿದ್ದೆ. ಬಸಪ್ಪ ಹೋಗಿಬಂದು, ತಾಯಿಯನ್ನು ಎಷ್ಟು ಸುಖವಾಗಿ ಇಟ್ಟಿದ್ದೆವು ಎಂದು ಓಣಿಗೆಲ್ಲ ಹೇಳಿಕೊಂಡ. ನಾನು ಬಾಗಿಲು ಹಾಕಿಕೊಂಡೆ.

ಪಂಚಮಿಗೆ ಗಂಗವ್ವ ತವರಿಗೆ ಬಂದಳು. ಉಂಡಿ ಕೊಡುವ ನೆವದಿಂದ ನಮ್ಮ ಮನೆಗೂ ಬಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು.

“ಕಡೀಕ ಬೀಸಾಕ ಆಗತಿರಲಿಲ್ಲ ನೀಲಕ್ಕ. ನನ್ನ ಬೀಸಾಕ ಹಚ್ಚಿ ಎದರಿಗೆ ಕುಂಡ್ರತಿದ್ಲು. ಹೋದ ದಿನಾ ಮುಂಜಾನೆನೂ ನನಗ ಬೈದ್ಲು. ಮನಸಿಗೆ ಭಾಳ ಹತ್ತೇತಿ.”

“ಏನಂತ ಬೈದ್ಲು?”

“ಪಲ್ಯಾದಾಗ ಉಪ್ಪಿಲ್ಲ, ನಿಮ್ಮವ್ವ ಏನೂ ಕಲಿಸಿಲ್ಲೇನು ನಿನಗ ಅಂತ.”

ಸಂಜೆ ದೀಪ ಹಚ್ಚಿ, ದೇವರು ಆ ದಿನ ಕೊಟ್ಟದ್ದನ್ನು ಹೇಳುವಾಗ ಮೊದಲು ಅದನ್ನೇ ಹೇಳಿದೆ: ಆಯಿ ಹೋದ ದಿನವೂ ಬೈದಳು.