ಕೊನೆಯ ಇಪ್ಪತ್ತು ಪುಟ

ಇಂಟರ್ನಲ್ ಮಾರ್ಕ್ಸ್ ತುಂಬುವ ಪೋರ್ಟಲ್ ಐದು ಗಂಟೆಗೆ ಮುಚ್ಚುತ್ತಿತ್ತು. ಮೂರಕ್ಕೆ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಹುಡುಗಿ ಅನ್ನೋದು ನನ್ನ ಅಭ್ಯಾಸ, ಅಷ್ಟೇ. ಎರಡು ಮಕ್ಕಳ ತಾಯಿ, ನಿಟ್ಟೂರಿನಿಂದ ದಿನಾ ರೈಲಲ್ಲಿ ಗುಬ್ಬಿಗೆ ಬಂದು ನಮ್ಮ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಳು. ಟೆಸ್ಟಿನಲ್ಲಿ ಕೆನಡಾದ ಕಾದಂಬರಿಯ ಪ್ರಶ್ನೆಗೆ ಅವಳಿಗೆ ಸೊನ್ನೆ ಕೊಟ್ಟು, 'ಪಠ್ಯ ಸರಿಯಾಗಿ ಓದು' ಅಂತ ಕೆಂಪು ಪೆನ್ನಿನಲ್ಲಿ ಗೀಚಿದ್ದೆ. ಆ ಸೊನ್ನೆ ಹಾಗೇ ಉಳಿದರೆ ಇಂಟರ್ನಲ್ಸ್ ಪಾಸಾಗದೆ ಅವಳಿಗೆ ಪರೀಕ್ಷೆಯ ಹಾಲ್ ಟಿಕೆಟ್ ಸಿಗುತ್ತಿರಲಿಲ್ಲ.

"ಓದಿದೀನಿ ಮೇಡಂ," ಅಂದಳು. "ಕಾದಂಬರಿ ಕೊನೇಲಿ ಆಯಮ್ಮ ಮನೆಗೆ ವಾಪಸ್ ಬರಲ್ಲ." ಬ್ಯಾಗಿನಿಂದ ದಪ್ಪ ಪುಸ್ತಕ ತೆಗೆದು ಟೇಬಲ್ ಮೇಲಿಟ್ಟಳು. ತುಮಕೂರಿನ ಲೈಬ್ರರಿಯ ಸೀಲಿತ್ತು.

ನನ್ನದು ಮೊದಲೇ ಮೂಗಿನ ತುದಿಯ ಕೋಪ. "ಐದು ವರ್ಷದಿಂದ ಇದನ್ನ ಪಾಠ ಮಾಡ್ತಿರೋಳು ನಾನು. ನನಗೇ ಹೇಳಿಕೊಡೋಕೆ ಬಂದ್ಯಾ?" ಅಂದೆ.

ಅವಳು ಜಗ್ಗಲಿಲ್ಲ. "ಒಂದ್ಸಲ ನೋಡಿ ಮೇಡಂ. ಕೊನೇ ಇಪ್ಪತ್ತು ಪುಟ, ಅಷ್ಟೇ."

ಆ ಇಪ್ಪತ್ತು ಪುಟ ನಾನು ಕಣ್ಣಲ್ಲೂ ಕಂಡಿರಲಿಲ್ಲ.

ಸಮಕಾಲೀನ ಕೆನಡಾ ಸಾಹಿತ್ಯ ಸಿಲಬಸ್ಸಿಗೆ ಬಂದಾಗ ನನಗೆ ಕೆನಡಾ ಅಂದರೆ ಹಿಮ ಅಂತ ಗೊತ್ತಿತ್ತೇ ಹೊರತು ಇನ್ನೇನೂ ಗೊತ್ತಿರಲಿಲ್ಲ. ಕುಣಿಗಲ್ಲಿನ ಗೆಳತಿ, ಅವಳೂ ಲೆಕ್ಚರರ್ರೇ, ಈ ಕಾದಂಬರಿಯ ಜೆರಾಕ್ಸಿನ ಜೆರಾಕ್ಸ್ ಕಳಿಸಿದಳು. ಗಂಡ, ಮಕ್ಕಳನ್ನು ಬಿಟ್ಟು ಹೆಂಗಸೊಬ್ಬಳು ಬಸ್ ಹತ್ತುತ್ತಾಳೆ, ಅಲ್ಲಿಗೆ ಹಾಳೆ ಮುಗಿದಿತ್ತು. ನಾನೋ ಗೆಸ್ಟ್ ಲೆಕ್ಚರರ್, ಮಾರನೇ ದಿನವೇ ಪಾಠ. ಉಳಿದದ್ದನ್ನು ನಾನೇ ಕಟ್ಟಿದೆ. ಆಕೆ ಹಿಮದಲ್ಲಿ ನಡೆದು ವಾಪಸ್ ಬರುತ್ತಾಳೆ, ಮಕ್ಕಳು ಓಡಿಬಂದು ಬಾಗಿಲು ತೆಗೆಯುತ್ತಾರೆ. ಆ ನೋಟ್ಸು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ ಸೇರಿತು. ಐದು ಬ್ಯಾಚು ಅದನ್ನೇ ಉರು ಹೊಡೆದು ಬರೆದರು, ಒಬ್ಬರೂ ಕೇಳಲಿಲ್ಲ. ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ.

"ಕೂತ್ಕೊಳಮ್ಮ," ಅಂದೆ. ಅವಳು ಕೂರಲಿಲ್ಲ. ನಾನು ಓದತೊಡಗಿದೆ. ಎದುರಿಗೆ ಗಡಿಯಾರ ಓಡುತ್ತಿತ್ತು.

ಆಕೆ ಬೇರೊಂದು ಊರಲ್ಲಿ ಬೇಕರಿಯ ಮಹಡಿ ಮೇಲೆ ರೂಮು ಹಿಡಿಯುತ್ತಾಳೆ. ಬೆಳಗಾದರೆ ಹಿಟ್ಟು ನಾದುತ್ತಾಳೆ. ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕೂತವರೂ ನಮ್ಮ ಗುಬ್ಬಿಯವರ ಹಾಗೇ ಅವಳ ಜಾತಕ ಜಾಲಾಡುತ್ತಾರೆ. ಹಿಮದ ಮಾತು ಎರಡೇ ಸಾಲು. ಮಗಳು ಹುಡುಕಿಕೊಂಡು ಬಂದರೆ ಬಿಸಿ ಬ್ರೆಡ್ಡು ತಿನ್ನಿಸಿ, ತಲೆ ಬಾಚಿ, ಬಸ್ ಹತ್ತಿಸುತ್ತಾಳೆ. ತಾನು ಹತ್ತುವುದಿಲ್ಲ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮಮ್ಮ ನನ್ನನ್ನು ಅಪ್ಪನ ಹತ್ತಿರ ಬಿಟ್ಟು ಕುಣಿಗಲ್ಲಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ರಜೆಗೆ ಹೋದರೆ ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ತುಮಕೂರಿನ ಬಸ್ ಹತ್ತಿಸುತ್ತಿದ್ದಳು. ಎಲ್ಲೋ ಕೆನಡಾದಲ್ಲಿ ಕೂತು ಬರೆದವಳಿಗೆ ಇದು ಹೇಗೆ ಗೊತ್ತಾಯಿತು? ಅಳು ಬಂತು, ಸಿಟ್ಟೂ ಬಂತು. ಐದು ವರ್ಷ ಪಾಠ ಮಾಡಿದ ಸಾಹಿತ್ಯವನ್ನು ಅವತ್ತು ಮೊದಲ ಸಲ ಓದಿದ್ದೆ.

ಗಂಟೆ ನಾಲ್ಕೂ ಇಪ್ಪತ್ತು. ಮಾರ್ಕ್ಸ್ ತಿದ್ದಬೇಕಾದರೆ ಕಾರಣ ಬರೆದು ಎಚ್‌ಒಡಿ ಸಹಿ ಹಾಕಿಸಬೇಕು. ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುವುದೂ ಬಿಡುವುದೂ ಅವರ ಕೈಯಲ್ಲೇ. ಹುಡುಗಿಯನ್ನು ಜೊತೆಗೇ ಕರೆದುಕೊಂಡು ಹೋದೆ. ನಡೆದದ್ದನ್ನೆಲ್ಲ ಹೇಳಿದೆ.

"ಮಾರ್ಕ್ಸ್ ಕೂಡಿದ್ದು ತಪ್ಪಾಗಿತ್ತು ಅಂತ ಬರ್ದುಬಿಡಿ ಮೇಡಂ. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರ?" ಅಂದರು ಅವರು.

ಅದೂ ಮನಸ್ಸಿಗೆ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹುಡುಗಿ ನನ್ನ ಪೆನ್ನನ್ನೇ ನೋಡುತ್ತಿದ್ದಳು. 'ಉತ್ತರ ಸರಿಯಿದೆ. ಪಾಠ ಮಾಡಿದವರು ಪುಸ್ತಕ ಪೂರ್ತಿ ಓದಿರಲಿಲ್ಲ' ಅಂತ ಬರೆದೆ.

"ಇದು ಫೈಲಲ್ಲಿ ಉಳಿಯುತ್ತೆ," ಅಂದರು.

"ಉಳೀಲಿ ಸರ್."

ಸಹಿ ಬೀಳುವಾಗ ಐದಕ್ಕೆ ಹನ್ನೆರಡು ನಿಮಿಷ ಇತ್ತು. ನೆಟ್ ಎರಡು ಸಲ ಕೈಕೊಟ್ಟಿತು. ಮೂರನೇ ಸಲ ಅವಳ ಮಾರ್ಕ್ಸ್ ಪೋರ್ಟಲ್ಲಿನಲ್ಲಿ ಕೂತಿತು.

ಅವಳು ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡಳು. ರೈಲಿನ ಹೊತ್ತಾಗಿದ್ದರೂ ಹೊರಡಲಿಲ್ಲ.

"ಒಂದ್ ಮಾತು ಕೇಳ್ಲಾ ಮೇಡಂ? ಪುಟಾನೇ ಇರ್ಲಿಲ್ಲ ಅಂದ್ರಿ. ಏನ್ ಬೇಕಾದ್ರೂ ಬರೀಬಹುದಿತ್ತು. ಆಯಮ್ಮನ್ನ ಯಾಕೆ ವಾಪಸ್ ಕರ್ಕೊಂಡ್ ಬಂದ್ರಿ?"

"ಬಾಗಿಲು ತೆಗೆಯೋಕೆ ಕಾಯ್ತಿದ್ದೋಳು ನಾನೇ ಕಣಮ್ಮ," ಅಂದೆ.